ಮೇಜಿನ ಮೇಲಿನ ಮ್ಯಾಗಜಿನ್

ಕ್ಯಾಶ್ ವ್ಯಾನಿನ ಗಾರ್ಡ್ ಮನೆಗೆ ಬಂದರೆ ಬೂಟಿಗಿಂತ ಮೊದಲು ಪಿಸ್ತೂಲು ಬಿಚ್ಚುತ್ತಿದ್ದ. ಅಡುಗೆಮನೆಯಲ್ಲಿದ್ದ ಹೆಂಡತಿಗೆ ಆ ಸದ್ದುಗಳೆಲ್ಲ ಬಾಯಿಪಾಠ. ಮೊದಲು ಗುಂಡು ತುಂಬಿದ ಮ್ಯಾಗಜಿನ್ ಮೇಜಿನ ಮೇಲೆ ಟಪ್. ಆಮೇಲೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಕರಕ್. ಕಡೆಗೆ ಒಳಗೆ ಉಳಿದಿದ್ದ ಒಂದೇ ಒಂದು ಗುಂಡು ಸ್ಟೀಲ್ ತಟ್ಟೆಗೆ ಟಣ್. ಅದಾದ ಮೇಲೆ, ‘ಟೀ ಆಯ್ತಾ?’ ಮ್ಯಾಗಜಿನ್ ಮೇಜಿನ ಮೇಲಿದ್ದರೆ ಪಿಸ್ತೂಲು ಖಾಲಿ ಎಂದು ಮನೆಯವರೆಲ್ಲ ನಂಬಿಕೊಂಡಿದ್ದರು.

ಅವತ್ತೂ ಮ್ಯಾಗಜಿನ್ ಮೇಜಿನ ಮೇಲೇ ಇತ್ತು. ಗಂಡ ಫೋನ್ ಕಿವಿಗಿಟ್ಟುಕೊಂಡು ಯಾರನ್ನೋ ಬೈಯುತ್ತ ಮಹಡಿಗೆ ಹೋಗಿದ್ದ. ಅವಳ ತಮ್ಮ ಆಗತಾನೇ ಬಂದಿದ್ದ. ಬಾಯಿಗೆ ಬೀಗವಿಲ್ಲದವನೆಂದು ಎಲ್ಲರೂ ಅವನನ್ನು ಗಿಣಿ ಎನ್ನುತ್ತಿದ್ದರು. ಭಾವನನ್ನು ಅಣಕಿಸುವುದರಲ್ಲಂತೂ ಅವನದು ಎತ್ತಿದ ಕೈ.

‘ಅಕ್ಕಾ, ಭಾವನ ಪಿಸ್ತೂಲು ಖಾಲಿ ತಾನೇ?’

‘ಮ್ಯಾಗಜಿನ್ ಮೇಜಿನ ಮೇಲಿದ್ಯಾ?’

‘ಇದೆ.’

‘ಹಂಗಾದ್ರೆ ಖಾಲಿ. ಮುಟ್ಬೇಡ, ಬೈತಾರೆ.’

ಬೇಡ ಎಂದರೆ ಕೇಳುವ ಜಾತಿಯೇ ಅವನು? ಕನ್ನಡಿಯ ಮುಂದೆ ನಿಂತು, ಹೊಟ್ಟೆ ಮುಂದೆ ಮಾಡಿ, ಪಿಸ್ತೂಲನ್ನು ತನ್ನ ಹಣೆಗೇ ಇಟ್ಟುಕೊಂಡು, ಭಾವನ ದನಿಯಲ್ಲಿ ‘ಟೀ ಆಯ್ತಾ?’ ಎಂದ. ಅವಳು ನಕ್ಕಳು. ಆ ನಗು ಬಾಯಲ್ಲಿರುವಾಗಲೇ ಗುಂಡು ಹಾರಿತು.

ತಮ್ಮ ಸತ್ತ, ಗಂಡನ ಮೇಲೆ ನಿರ್ಲಕ್ಷ್ಯದ ಕೇಸು ಬಿತ್ತು. ಸಾಕ್ಷಿ ಹೇಳುವ ಹಿಂದಿನ ದಿನ ಗಂಡನ ವಕೀಲರು ಅವಳನ್ನೂ ಅವಳ ತಾಯಿಯನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ‘ನೋಡಮ್ಮಾ, ಮ್ಯಾಗಜಿನ್ ಹೊರಗಿದ್ರೂ ನಳಿಕೆಯ ಬುಡದಲ್ಲಿ ಒಂದು ಗುಂಡಿದ್ರೆ ಕಾನೂನಿಗೆ ಅದು ತುಂಬಿದ ಪಿಸ್ತೂಲೇ. ಮೊದಲು ಮ್ಯಾಗಜಿನ್ ತೆಗೆದು ಆಮೇಲೆ ಸ್ಲೈಡ್ ಎಳೆದ್ರೆ ಖಾಲಿ. ಹಿಂದುಮುಂದಾದ್ರೆ ಕೆಟ್ಟಿತು. ಒಂದು ಗುಂಡು ಹೊರಗೆ ಬೀಳುತ್ತೆ, ಕೆಳಗಿಂದ ಇನ್ನೊಂದು ಅದರ ಜಾಗಕ್ಕೆ ಬರುತ್ತೆ. ನಿಮ್ಮ ಯಜಮಾನರು ದಿನಾ ಮಾಡೋ ಹಾಗೇ ಮಾಡಿದೆ ಅಂತಾರೆ. ಹಾಗಿದ್ರೆ ಒಳಗೆ ಗುಂಡು ತುಂಬಿದ್ದು ನಿಮ್ಮ ತಮ್ಮನೇ ಅಂತಾಗುತ್ತೆ. ಅವತ್ತಿನ ಸದ್ದು ಕೇಳಿಸಿಕೊಂಡವರು ನೀವೊಬ್ಬರೇ.’

ಅವಳಿಗೆ ಆ ಸದ್ದುಗಳು ನೆನಪಾದವು. ಅವತ್ತು ಮೊದಲು ಕೇಳಿದ್ದು ಕರಕ್. ಆಮೇಲೆ ಟಣ್. ಟಪ್ ಎಂದದ್ದು ಕಡೆಗೆ. ಇದೇನು ಇವತ್ತು ತಲೆಕೆಳಗು ಎಂದು ಅನ್ನಿಸಿಯೂ ಇತ್ತು. ಒಗ್ಗರಣೆ ಸೀಯುತ್ತಿತ್ತು, ಮರೆತಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಬಡಕೊಂಡರು, ಕೇಳಿದವರು ಯಾರು? ತಟ್ಟೆಗೆ ಬಿದ್ದ ಗುಂಡನ್ನು ಕಣ್ಣಾರೆ ಕಂಡ ಗಂಡ, ಒಳಗೊಮ್ಮೆ ಇಣುಕಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ, ಪಾಪ. ಕ್ರಮ ತಪ್ಪಿದ್ದು ಅವನಿಗೆ ಗೊತ್ತೇ ಇರಲಿಲ್ಲ.

ಮೆಟ್ಟಿಲಿಳಿಯುವಾಗ ತಾಯಿ ಅವಳ ಮೊಣಕೈ ಹಿಡಿದಳು. ‘ದಿನದ ಹಾಗೇ ಕೇಳಿಸ್ತು ಅಂತ ಹೇಳ್ಬಿಡು. ಹೋದವನು ಹೋದ. ಅವನ ಮೇಲೆ ಹಾಕಿದ್ರೆ ಅವನಿಗೇನು ನೋವಾಗಲ್ಲ. ನಿನ್ನ ಮನೆ ಉಳೀಲಿ.’

ಹೆತ್ತವಳ ಬಾಯಲ್ಲಿ ಬರುವ ಮಾತೇ ಅದು! ಆದರೆ ಬಂದಿತ್ತು, ಮತ್ತು ಅದನ್ನು ಹೇಳುವಾಗ ಅವಳು ಮಗಳ ಮುಖ ನೋಡಲಿಲ್ಲ. ಮಗಳು ಮೆಟ್ಟಿಲಿಳಿಯುತ್ತಲೇ ಹೋದಳು. ನಿಜ ಹೇಳಿದರೆ ಗಂಡ ಜೈಲಿಗೆ, ಸುಳ್ಳು ಹೇಳಿದರೆ ತಮ್ಮ ತನ್ನ ಸಾವನ್ನು ತಾನೇ ತಂದುಕೊಂಡ ಅವಿವೇಕಿ.

ಮರುದಿನ ಕಟಕಟೆಯಲ್ಲಿ ನಿಂತಾಗ ನ್ಯಾಯಾಧೀಶರು, ‘ಯಾವ ಸದ್ದು ಮೊದಲು ಕೇಳಿಸ್ತು?’ ಎಂದರು.

ಅವಳು ಗಂಡನನ್ನು ನೋಡಿದಳು. ಅವನು ಭರವಸೆಯಿಂದ ತಲೆಯಾಡಿಸಿದ. ಹೇಳು, ಹೇಳು ಎನ್ನುವ ಹಾಗೆ. ಅವಳು ನ್ಯಾಯಾಧೀಶರ ಕಡೆ ತಿರುಗಿದಳು.

‘ಸ್ಲೈಡ್ ಎಳೆದಿದ್ದು ಮೊದಲು. ಗುಂಡು ತಟ್ಟೆಗೆ ಬಿತ್ತು. ಮ್ಯಾಗಜಿನ್ ಇಟ್ಟಿದ್ದು ಕೊನೆಗೆ. ಗಿಣಿ ಖಾಲಿನಾ ಅಂತ ಕೇಳಿದ. ನಾನೇ ಹೂಂ ಅಂದೆ.’

ಗಂಡ ಎದ್ದು ನಿಂತು ಗಾಳಿಯಲ್ಲಿ ಕೈ ಎತ್ತಿದ. ಬಲಗೈಯಲ್ಲಿ ಇಲ್ಲದ ಪಿಸ್ತೂಲು. ಎಡಗೈ ಮ್ಯಾಗಜಿನ್ನಿನ ಕಡೆಗೆ ಹೋಗಬೇಕಿತ್ತು, ಹೋಗಲಿಲ್ಲ. ಸ್ಲೈಡಿನ ಕಡೆಗೆ ಹೋಗಿ ಅಲ್ಲೇ ನಿಂತಿತು.

‘ಹೌದು,’ ಎಂದ. ‘ಫೋನ್ ಬಂದಿತ್ತು.’

ಅವನ ವಕೀಲರು ಕೂರಿ, ಕೂರಿ ಎನ್ನುತ್ತಿದ್ದರು. ಅವನು ಕೂರಲಿಲ್ಲ.

ಹೊರಗೆ ಬಂದು ತಾಯಿ ಕಲ್ಲುಬೆಂಚಿನ ಮೇಲೆ ಕುಸಿದಳು. ಇನ್ನು ಶಾಪ ಹಾಕುತ್ತಾಳೆ ಎಂದುಕೊಂಡು ಮಗಳು ತಲೆ ತಗ್ಗಿಸಿ ನಿಂತಳು. ತಾಯಿ ಸೆರಗಿನ ಅಂಚು ಮಡಚಿದಳು, ಬಿಚ್ಚಿದಳು.

‘ಹಂಗಾದ್ರೆ ಅವನು ನಿನ್ನನ್ನ ಕೇಳಿದ್ದ,’ ಎಂದಳು. ‘ನನ್ನ ಮಗ ಕೇಳಿಯೇ ಮುಟ್ಟಿದ್ದ.’

ಅಷ್ಟು ದಿನವೂ ಅಳದಿದ್ದವಳು ಆಗ ಅತ್ತಳು. ಮಗಳು ಪಕ್ಕದಲ್ಲಿ ಕೂರಲು ಹೋದಳು. ತಾಯಿ ಸರಿದು ಜಾಗ ಕೊಡಲಿಲ್ಲ.