ಕಿವಿಯಲ್ಲಿ ಆಡಿದ ಕತ್ತಿವರಸೆ

ನನ್ನ ತಮ್ಮ ಕಿಯೋಜಿಯ ಕಣ್ಣು ಹೋಯಿತೆಂಬ ಸುದ್ದಿ ಹರಡಿದ ಮೇಲೆ ನಮ್ಮ ಕಾಫಿ ಅಂಗಡಿಯ ಬಾಗಿಲನ್ನು ಮೊದಲು ತಳ್ಳಿದವನು ನವಾತೆ. ಕೈಯಲ್ಲಿ ಕಿತ್ತಳೆಯ ಚೀಲ, ಮುಖದಲ್ಲಿ ಸಾವಿನ ಮನೆಗೆ ಬಂದವನ ಗಾಂಭೀರ್ಯ. ನಿಪ್ಪೊಂಬಾಶಿ ಪೇಟೆಯಲ್ಲಿ ಹಳೆಯ ವಿಡಿಯೊ ಗೇಮುಗಳ ಅಂಗಡಿ ಇಟ್ಟಿರುವ ಈ ಮನುಷ್ಯನೂ ನನ್ನ ತಮ್ಮನೂ ಒಂದೇ ಶಾಲೆಯಲ್ಲಿ ಓದಿದವರು, ಒಂದೇ ಗೇಮ್ ಸೆಂಟರಿನಲ್ಲಿ ಪುಡಿಗಾಸು ಕಳೆದುಕೊಂಡು ಬೆಳೆದವರು. ಆಗಿನಿಂದಲೂ ಒಬ್ಬರನ್ನೊಬ್ಬರು ಹಂಗಿಸದೆ ಅವರಿಗೆ ಮಾತೇ ಬರುವುದಿಲ್ಲ.

ಕಿಯೋಜಿ ಒಸಾಕಾದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಕಣ್ಣಿನ ಒತ್ತಡದ ಕಾಯಿಲೆ ಮೊದಲು ಬಲಗಣ್ಣನ್ನು ತಿಂದು ಆಮೇಲೆ ಎಡಗಣ್ಣಿಗೆ ಕೈಹಾಕಿತು. ಯಾರೂ ಬಾಯಿಬಿಟ್ಟು ಹೇಳುವ ಮೊದಲೇ ತಾನೇ ಹೋಗಿ ಲೈಸೆನ್ಸ್ ಒಪ್ಪಿಸಿ ಬಂದ. ಮದುವೆಯಾದವನಲ್ಲ. ನನ್ನ ಅಂಗಡಿಯ ಮಹಡಿಯ ಮೇಲೆ ಅವನ ಎರಡು ಕೋಣೆ. ಅವುಗಳಲ್ಲಿ ಮಲಗಲು ಒಂದು ಹಾಸಿಗೆಯಷ್ಟು ಜಾಗ ಬಿಟ್ಟರೆ ಉಳಿದದ್ದೆಲ್ಲ ಗೇಮ್ ಯಂತ್ರಗಳು, ಕ್ಯಾಸೆಟ್ಟುಗಳು, ಅವುಗಳ ಪೆಟ್ಟಿಗೆಗಳು. ನಮ್ಮ ದೇಶದವು ಒಂದು ಗೋಡೆಗೆ, ಹೊರದೇಶಗಳಿಂದ ತರಿಸಿದವು ಇನ್ನೊಂದು ಗೋಡೆಗೆ. ಕಣ್ಣಿಲ್ಲದವನಿಗೆ ಇವೆಲ್ಲ ಯಾಕೆ ಎಂದು ನಮ್ಮ ಚಿಕ್ಕಮ್ಮ ನಾರಾದಿಂದ ಫೋನ್ ಮಾಡಿ ಕೇಳಿದ್ದಳು.

ನವಾತೆ ಕಾಫಿ ಕುಡಿದು, ಮೊಟ್ಟೆಯ ಸ್ಯಾಂಡ್‌ವಿಚ್ ತಿಂದು, ಕೊನೆಗೆ ವಿಷಯಕ್ಕೆ ಬಂದ.

"ಕಿಯೋ, ಬೇಜಾರು ಮಾಡ್ಕೋಬೇಡ. ಮೇಲೆ ಧೂಳು ತಿನ್ನೋಕೆ ಬಿಡೋ ಬದಲು ನನಗೆ ಕೊಟ್ಬಿಡು. ಒಂದೊಂದಕ್ಕೂ ಒಳ್ಳೆ ಮನೆ ನೋಡಿ ಕಳಿಸ್ತೀನಿ."

"ಹೆಣ್ಣು ಕೇಳೋಕೆ ಬಂದವನ ಥರ ಮಾತಾಡ್ತೀಯಲ್ಲೋ," ಅಂದ ಕಿಯೋಜಿ. "ನಾನು ಕೊಡೋನಲ್ಲ, ತಗೊಳ್ಳೋನು. ಆಸಗಿರಿಯ ಯುರೋಪಿನ ಕ್ಯಾಸೆಟ್ ಬೇಕು ನನಗೆ. ಅದನ್ನ ಆಡೋ ಅಲ್ಲಿಯದೇ ಯಂತ್ರವೂ ಬೇಕು. ತರಿಸ್ಕೊಡ್ತೀಯಾ?"

ನವಾತೆ ನನ್ನ ಮುಖ ನೋಡಿದ. ನಾನು ಲೋಟ ಒರೆಸತೊಡಗಿದೆ.

ಆಸಗಿರಿ ಎಂದರೆ ಇಬ್ಬರು ಖಡ್ಗಧಾರಿಗಳ ಕಾಳಗದ ಆಟ. ನಮ್ಮ ಹುಡುಗರೆಲ್ಲ ಒಂದು ಕಾಲಕ್ಕೆ ಅದರ ಹುಚ್ಚು ಹಿಡಿಸಿಕೊಂಡಿದ್ದರು. ಒಂದೇ ಒಂದು ಏಟು ಸರಿಯಾಗಿ ಬಿದ್ದರೆ ಮುಗಿಯಿತು, ಎದುರಾಳಿ ನೆಲಕ್ಕೆ. ಇಲ್ಲಿ ಮಾರಾಟವಾದ ಕ್ಯಾಸೆಟ್ಟಿನಲ್ಲಿ ಇಡೀ ಆಟಕ್ಕೆ ಒಂದೇ ಡೊಳ್ಳಿನ ಸಂಗೀತ, ಹೆಜ್ಜೆಗೆ ಸದ್ದೇ ಇಲ್ಲ. ಯುರೋಪಿಗೆ ಕಳಿಸುವಾಗ ಕಂಪನಿಯವರಿಗೆ ಏನು ತೋಚಿತೋ, ಸಂಗೀತವನ್ನು ಕಿತ್ತುಹಾಕಿ ಹೆಜ್ಜೆಯ ಸದ್ದು ಕೂಡಿಸಿದರು: ಮರದ ಸೇತುವೆಯ ಮೇಲೆ ಒಂದು ಬಗೆ, ಜಲ್ಲಿಕಲ್ಲಿನ ಮೇಲೆ ಇನ್ನೊಂದು ಬಗೆ, ಎಡಗಡೆಯವನದು ಎಡ ಸ್ಪೀಕರಿನಿಂದ, ಬಲಗಡೆಯವನದು ಬಲದಿಂದ. ಅದರ ಜೊತೆಗೆ ಆ ಕಡೆಯ ಟಿವಿಗಳ ವಿದ್ಯುತ್ತಿನ ಲೆಕ್ಕವೇ ಬೇರೆಯಾದ್ದರಿಂದ ಆಟ ಇಲ್ಲಿಗಿಂತ ನಿಧಾನವಾಗಿ ಓಡುತ್ತದೆ. ಎಷ್ಟೋ ವರ್ಷದ ಹಿಂದೆ ನವಾತೆಯ ಅಂಗಡಿಗೆ ಅಂಥದೊಂದು ಬಂದಿತ್ತು. ಇದೇನು ಎಮ್ಮೆಗಳು ಕೆಸರಲ್ಲಿ ಕತ್ತಿ ಬೀಸಿದ ಹಾಗಿದೆ ಎಂದು ಅವನೂ ಕಿಯೋಜಿಯೂ ಹೊಟ್ಟೆ ಹಿಡಿದುಕೊಂಡು ನಕ್ಕು, ಯಾರೋ ಗಿರಾಕಿಗೆ ಮಾರಿಬಿಟ್ಟಿದ್ದರು. ಆದರೆ ಕಣ್ಣು ಮಬ್ಬಾಗುತ್ತ ಬಂದಾಗ, ಟ್ಯಾಕ್ಸಿ ಸಾಲಿನಲ್ಲಿ ಗಿರಾಕಿಗೆ ಕಾದು ಕುಳಿತಿದ್ದಾಗ, ಕಿಯೋಜಿಗೆ ಮತ್ತೆ ಮತ್ತೆ ನೆನಪಾದದ್ದು ಆ ಹೆಜ್ಜೆ ಸದ್ದು.

ಹೋಗುವಾಗ ನವಾತೆ ನನ್ನನ್ನು ಬಾಗಿಲ ಬಳಿ ಕರೆದು, ದುಃಖಕ್ಕೆ ತಲೆ ಸ್ವಲ್ಪ ಆಚೀಚೆಯಾಗಿದೆ, ಕೇಳಿದ್ದನ್ನು ತರಿಸಿಕೊಡೋಣ, ಸಾಕಾದಾಗ ಅವನೇ ಎಲ್ಲ ಬಿಟ್ಟುಕೊಡುತ್ತಾನೆ ಎಂದು ಪಿಸುಗುಟ್ಟಿದ. ಒಳಗಿನಿಂದ ಕಿಯೋಜಿ, "ನನಗೆ ಹೋಗಿರೋದು ಕಣ್ಣು ಕಣೋ, ಕಿವಿಯಲ್ಲ," ಅಂದ.

ಪೋರ್ಚುಗಲ್‌ನ ಯಾರೋ ಒಬ್ಬನಿಂದ ಸಾಮಾನು ಬಂತು. ಅಲ್ಲಿಯ ಯಂತ್ರಕ್ಕೆ ಅಲ್ಲಿಯಷ್ಟು ವಿದ್ಯುತ್ತು ಕೊಡಲು ಇಟ್ಟಿಗೆಯಂಥ ಟ್ರಾನ್ಸ್‌ಫಾರ್ಮರ್, ಅಲ್ಲಿಯ ಚಿತ್ರ ತೋರಿಸಬಲ್ಲ ಹಳೇ ದಪ್ಪ ಟಿವಿ, ಎರಡು ಸ್ಪೀಕರ್. ನವಾತೆ ಎಲ್ಲವನ್ನೂ ನಮ್ಮ ಕಡಿದಾದ ಮೆಟ್ಟಿಲ ಮೇಲೆ ಹೊತ್ತು ತಂದು ಉಸ್ಸೆಂದು ಕುಳಿತ.

"ಕುರುಡನ ಮನೆಗೆ ಟಿವಿ ಹೊತ್ತು ತಂದವನು ಈ ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು."

"ಅದು ನನಗಲ್ಲ. ಅಕ್ಕನಿಗೆ," ಅಂದ ಕಿಯೋಜಿ. "ನನ್ನೆದುರು ಆಡೋಳು ಅವಳು."

ಇದು ನನಗೇ ಹೊಸ ಸುದ್ದಿ. ನನ್ನ ಜನ್ಮದಲ್ಲಿ ನಾನು ಗೇಮ್ ಆಡಿದವಳಲ್ಲ. ಆದರೆ ಮಧ್ಯಾಹ್ನದ ಊಟದ ಗಿರಾಕಿಗಳು ಹೋದ ಮೇಲೆ ಸಂಜೆಯವರೆಗೆ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸವೇ. ಹಾಗಾಗಿ ಬಾಗಿಲಿಗೆ ಬೋರ್ಡು ತಗುಲಿಹಾಕಿ ಮೇಲೆ ಹೋಗತೊಡಗಿದೆ. ಯಾವ ಗುಂಡಿಗೆ ಕತ್ತಿ ಏಳುತ್ತದೆ, ಯಾವುದಕ್ಕೆ ಹಿಂದೆ ಜಿಗಿಯುತ್ತದೆ ಎಂದು ಕಿಯೋಜಿ ನನ್ನ ಬೆರಳು ಹಿಡಿದು ಕಲಿಸಿದ. ಚಿಕ್ಕವನಿದ್ದಾಗ ನಾನು ಅವನಿಗೆ ಚಾಪ್‌ಸ್ಟಿಕ್ ಹಿಡಿಯುವುದನ್ನು ಕಲಿಸಿದ್ದೂ ಹೀಗೆಯೇ.

ಮೊದಮೊದಲು ನನ್ನಂಥವಳ ಕೈಯಲ್ಲೂ ಅವನು ಸೋತ. ಗಾಳಿಗೆ ಕತ್ತಿ ಬೀಸುತ್ತಿದ್ದ. ಬೆನ್ನು ತೋರಿಸಿ ನಿಲ್ಲುತ್ತಿದ್ದ. ಸೇತುವೆಯ ಅಂಚಿನಿಂದ ತಾನೇ ಹೊಳೆಗೆ ಬೀಳುತ್ತಿದ್ದ. ಪ್ರತಿಸಲವೂ ಬಿದ್ದದ್ದು ಎಲ್ಲಿ, ನಾನು ಆಗ ಎಷ್ಟು ದೂರದಲ್ಲಿದ್ದೆ ಎಂದು ಕೇಳಿ ತಿಳಿದುಕೊಂಡು ಮತ್ತೆ ಶುರುಮಾಡುತ್ತಿದ್ದ. ಬೇಸರದ ಒಂದು ಮಾತಿಲ್ಲ. ಹೊಸ ಬಡಾವಣೆಯ ದಾರಿ ಕಲಿಯುವ ಟ್ಯಾಕ್ಸಿಯವನ ಹಾಗೆ, ಇದೊಂದು ಓಣಿ, ಇದೊಂದು ತಿರುವು ಎಂದು ಸದ್ದುಗಳನ್ನು ತಲೆಯಲ್ಲಿ ಹಾಕಿಕೊಳ್ಳುತ್ತ ಹೋದ. ಹತ್ತಿರ ಬಂದ ಹೆಜ್ಜೆ ಭಾರವಾಗಿ ಕೇಳುತ್ತದೆ. ಕತ್ತಿ ಎತ್ತುವ ಮುನ್ನ ಖಡ್ಗಧಾರಿ ಒಂದು ಉಸಿರು ಎಳೆದುಕೊಳ್ಳುತ್ತಾನೆ. ಆ ಉಸಿರು ಮುಗಿಯುವುದರೊಳಗೆ ಪಕ್ಕಕ್ಕೆ ಸರಿದರೆ ಏಟು ತಪ್ಪುತ್ತದೆ. ಇಲ್ಲಿಯ ಆಟದ ವೇಗದಲ್ಲಿ ಅದಕ್ಕೆ ಪುರುಸೊತ್ತಿಲ್ಲ. ಎಮ್ಮೆಯ ವೇಗದಲ್ಲಿ ಇದೆ.

ಮಳೆಗಾಲ ಬರುವ ಹೊತ್ತಿಗೆ ಅವನು ನನ್ನನ್ನು ಗೆಲ್ಲುವುದೂ ಸೋಲುವುದೂ ಸರಿಸಮ ಎನ್ನುವ ಹಾಗಾಯಿತು. ಒಂದು ದಿನ ಅವನು ಸೋಲುತ್ತಲೇ ಇದ್ದ. ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಬಂದಿದ್ದ. ಎಡಗಣ್ಣಲ್ಲಿ ಉಳಿದಿದ್ದ ಬೆಳಕಿನ ಚೂರೂ ಇನ್ನು ಹೆಚ್ಚು ದಿನ ಇರದೆಂದು ಡಾಕ್ಟರು ಹೇಳಿದ್ದರು. ನನ್ನ ಮನಸ್ಸು ತಡೆಯಲಿಲ್ಲ. ಅವನು ಹತ್ತಿರ ಬಂದಾಗ ನಾನು ಕೈ ಸಡಿಲಬಿಟ್ಟು ಸುಮ್ಮನೆ ನಿಂತೆ. ಅವನ ಏಟು ಬಿತ್ತು. ಅವನು ಕಂಟ್ರೋಲರನ್ನು ಚಾಪೆಯ ಮೇಲಿಟ್ಟ.

"ಅಕ್ಕ, ನೀನು ನಿಂತುಬಿಟ್ಟೆ."

"ಇಲ್ವಲ್ಲ."

"ಎರಡು ಹೆಜ್ಜೆ ಬಂದೆ, ಮೂರನೇದು ಬರಲಿಲ್ಲ. ಬೇಕಂತಲೇ ಸೋತೆ. ಎಲ್ರೂ ಬಸ್ಸಲ್ಲಿ ಎದ್ದು ಸೀಟು ಬಿಡ್ತಾರೆ, ರಸ್ತೇಲಿ ತೋಳು ಹಿಡ್ಕೋತಾರೆ. ಬಿಡಲಿ, ಬೇಕಾಗತ್ತೆ. ಇಲ್ಲಿ ಬೇಡ. ಇಲ್ಲಿ ನೀನು ನನ್ನನ್ನ ಕೊಲ್ಲೋಕೆ ಬಂದವಳು, ಕೊಲ್ಲು."

ನನಗೆ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಕಣ್ಣೊರೆಸಿಕೊಂಡು ಮತ್ತೆ ಕುಳಿತೆ. ಆವತ್ತು ಉಳಿದ ಹೊತ್ತೆಲ್ಲ ಅವನನ್ನು ನಿರ್ದಾಕ್ಷಿಣ್ಯವಾಗಿ ಕಡಿದುಹಾಕಿದೆ. ಅವನು ಸಂತೋಷವಾಗಿ ಸತ್ತ. ಮಾರನೆಯ ದಿನದಿಂದ ನಾನು ಗೆದ್ದದ್ದು ನೆನಪಿಲ್ಲ.

ನವಾತೆಯ ಅಂಗಡಿಯ ಮಾಳಿಗೆಯಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹಳೇ ಆಟಗಳ ಗೆಳೆಯರು ಸೇರುತ್ತಾರೆ. ಅರ್ಧ ಜನ ತಲೆ ನರೆತವರು. ಆಗಸ್ಟಿನ ಭಾನುವಾರ ಕಿಯೋಜಿ ನನ್ನ ತೋಳು ಹಿಡಿದು ಅಲ್ಲಿಗೆ ನಡೆದ. ಆಸಗಿರಿಯಲ್ಲಿ ನವಾತೆಯನ್ನು ಆ ಗುಂಪಿನಲ್ಲಿ ಯಾರೂ ಸೋಲಿಸಿದವರಿಲ್ಲ. ಅವನೆದುರೇ ಆಡುತ್ತೇನೆ, ನನ್ನ ಕ್ಯಾಸೆಟ್ಟಿನಲ್ಲಿ ಆಡುತ್ತೇನೆ ಎಂದು ಕಿಯೋಜಿ ಮೊದಲೇ ಹೇಳಿಕಳಿಸಿದ್ದ. ನವಾತೆ ನಮ್ಮ ಮನೆಯ ಯಂತ್ರವನ್ನೂ ಟಿವಿಯನ್ನೂ ಮತ್ತೊಮ್ಮೆ ಹೊತ್ತು, ನನ್ನ ಸೊಂಟದ ಖರ್ಚೂ ನಿನ್ನದೇ ಎಂದು ಬೈಯುತ್ತ ಅಂಗಡಿಗೆ ಸಾಗಿಸಿದ್ದ.

ಮೊದಲ ಸುತ್ತು ಶುರುವಾದದ್ದೇ ತಡ, ಮುಗಿದೇಹೋಯಿತು. ಕಿಯೋಜಿ ತಪ್ಪು ದಿಕ್ಕಿಗೆ ತಿರುಗಿದ್ದ. ಸುತ್ತ ಹತ್ತಾರು ಜನರ ಪಿಸುಮಾತು, ಎಸಿಯ ಗೊರಗೊರ, ಬೀಸಣಿಗೆಗಳ ಪಟಪಟ. ಯಾರೋ ಪಾಪ ಅಂದದ್ದು ನನಗೂ ಕೇಳಿಸಿತು. ಕಿಯೋಜಿ ತಲೆ ಎತ್ತಿದ.

"ದಯವಿಟ್ಟು ಎಲ್ಲರೂ ಸ್ವಲ್ಪ ಬಾಯಿ ಮುಚ್ಕೊಂಡಿರ್ತೀರಾ? ನನಗೆ ಕಾಣ್ತಾ ಇಲ್ಲ."

ಗೊಳ್ಳೆಂದು ನಕ್ಕವರು ಹಾಗೇ ಸುಮ್ಮನಾದರು. ನವಾತೆ ತಾನೇ ಎದ್ದು ಎಸಿ ಆರಿಸಿದ. ಒಸಾಕಾದ ಆಗಸ್ಟಿನಲ್ಲಿ ಎಸಿ ಆರಿಸುವುದೆಂದರೆ ಸಣ್ಣ ತ್ಯಾಗವಲ್ಲ. ಬೆವರು ಹರಿಯತೊಡಗಿತು, ಬೀಸಣಿಗೆಗಳು ಮಡಿಲಿಗೆ ಬಂದವು.

ಆಮೇಲೆ ಆಟ ಬೇರೆಯೇ ಆಯಿತು. ನವಾತೆಯ ಕೈ ಇಲ್ಲಿಯ ವೇಗಕ್ಕೆ ಪಳಗಿದ ಕೈ. ಈ ನಿಧಾನದ ಆಟದಲ್ಲಿ ಅದು ಪ್ರತಿಸಲವೂ ಮುಂಚೆ ಓಡಿಬಿಡುತ್ತಿತ್ತು. ಅವನು ಕತ್ತಿ ಬೀಸಿ ಮುಗಿಸಿದಾಗ ಕಿಯೋಜಿ ಇನ್ನೂ ಬಂದಿರುತ್ತಿರಲಿಲ್ಲ. ಮುಗಿಸಿದ ಮರುಕ್ಷಣ ಬಂದಿರುತ್ತಿದ್ದ. ಒಂದು ಸುತ್ತು ಕಿಯೋಜಿಗೆ ಬಂತು. ಇನ್ನೊಂದು ಸುತ್ತು ನವಾತೆಯದು, ಮತ್ತೊಂದು ಕಿಯೋಜಿಯದು. ಎಲ್ಲ ಸಮವಾಗಿ ಕೊನೆಯ ಸುತ್ತು ಉಳಿಯಿತು, ಅದೂ ಮರದ ಸೇತುವೆಯ ಮೇಲೆ.

ನವಾತೆ ದಡ್ಡನಲ್ಲ. ಈ ಹೊತ್ತಿಗೆ ಅವನಿಗೆ ಅರ್ಥವಾಗಿತ್ತು. ಅವನು ಸೇತುವೆಯ ಮೇಲೆ ನಾಲ್ಕು ಹೆಜ್ಜೆ ನಡೆದು ಕಲ್ಲಿನಂತೆ ನಿಂತ. ಹೆಜ್ಜೆಯಿಲ್ಲ, ಉಸಿರಿಲ್ಲ. ಕಿಯೋಜಿಯೂ ನಿಂತ. ಕೆಳಗೆ ಹೊಳೆಯ ನೀರು ಹರಿಯುವ ಸದ್ದು ಮಾತ್ರ. ಪರದೆಯ ಮೇಲೆ ಹೊತ್ತು ಕರಗುತ್ತಿತ್ತು. ಅದು ಮುಗಿದರೆ ಇಬ್ಬರೂ ಸೋತಂತೆ. ನನಗೆ ಕೂಗಿ ಹೇಳಬೇಕೆನಿಸಿ ಕೈಯಲ್ಲಿದ್ದ ಕರವಸ್ತ್ರವನ್ನು ಹಿಂಡಿದೆ. ನವಾತೆಯ ಹಣೆಯ ಬೆವರು ಮೂಗಿನ ತುದಿಗೆ ಬಂದು ನಿಂತಿತ್ತು.

ಕಿಯೋಜಿ ಮೆಲ್ಲಗೆ ಬಾಯಿಬಿಟ್ಟ. "ನವಾತೆ, ನೆನಪಿದೆಯಾ? ಕಣ್ಣಾಮುಚ್ಚಾಲೆ ಆಡುವಾಗ ಅಕ್ಕಿ ಅಂಗಡಿ ಹಿಂದೆ ಬಚ್ಚಿಟ್ಕೋತಿದ್ದೆ ನೀನು. ಯಾರೂ ಹುಡುಕೋಕೆ ಬರದೇ ಇದ್ರೆ ನೀನೇ ಕೆಮ್ತಿದ್ದೆ."

ನವಾತೆಯ ತುಟಿ ನಡುಗಿತು. ನಗು ತಡೆಯಲು ನೋಡಿದ, ಆಗಲಿಲ್ಲ. ಭುಜ ಕುಲುಕಿತು, ಹೆಬ್ಬೆರಳು ಜಾರಿತು, ಸೇತುವೆಯ ಹಲಗೆ ಒಂದೇ ಒಂದು ಸಲ ಟಕ್ ಅಂದಿತು. ಅಷ್ಟೇ. ಕಿಯೋಜಿಯ ಖಡ್ಗಧಾರಿ ಆ ಸದ್ದಿನ ಮೇಲೆ ಬಿದ್ದ.

ಮಾಳಿಗೆಯಲ್ಲಿ ಎದ್ದ ಗದ್ದಲಕ್ಕೆ ಕೆಳಗಿನ ಗಿರಾಕಿಗಳು ಮೇಲೆ ಬಂದು ನೋಡಿದರು. ನವಾತೆ ಮಾತ್ರ ಕಂಟ್ರೋಲರ್ ಹಿಡಿದೇ ಕುಳಿತಿದ್ದ.

"ಮೋಸ ಇದು. ಮಾತಾಡಿ ನಗಿಸಿದೆ. ಪಕ್ಕದಲ್ಲಿ ಕೂತು ನನ್ನ ಬೆರಳಿನ ಸದ್ದೂ ಕೇಳಿಸ್ಕೊಂಡೆ."

"ಕಿವಿ ಇತ್ತು, ಕೇಳಿಸ್ಕೊಂಡೆ. ನಿನಗೆ ಕಣ್ಣಿತ್ತು, ನೀನೇನು ಮಾಡ್ದೆ?"

ನವಾತೆ ಎದ್ದು ಎಸಿ ಹಾಕಿ ಬಂದ. ಆ ಕ್ಯಾಸೆಟ್ಟನ್ನೂ ಯಂತ್ರವನ್ನೂ ಒಂದಷ್ಟು ದಿನ ತನ್ನ ಬಳಿಯೇ ಬಿಡಬೇಕೆಂದು ಕೇಳಿದ. ಎಮ್ಮೆಯ ವೇಗಕ್ಕೆ ಕೈ ಪಳಗಿಸಿಕೊಳ್ಳದೆ ಅವನಿಗೆ ನಿದ್ದೆ ಬರುವಂತಿರಲಿಲ್ಲ. ಕಿಯೋಜಿ ಒಪ್ಪಿದ.

ಆ ಬಿಡುವಿನಲ್ಲಿ ಕಿಯೋಜಿ ತನ್ನ ಎರಡೂ ಗೋಡೆಗಳನ್ನು ಮೊದಲಿನಿಂದ ಕೇಳಲು ಶುರುಮಾಡಿದ. ಒಂದೊಂದೇ ಕ್ಯಾಸೆಟ್ ಹಾಕುವುದು, ಆಟ ಕಿವಿಗೆ ಏನು ಹೇಳುತ್ತದೆ ಎಂದು ನೋಡುವುದು. ಸಂಗೀತದ ಅಬ್ಬರದಲ್ಲಿ ಎಲ್ಲ ಮುಚ್ಚಿಹೋದವು, ಕಣ್ಣಿಗಷ್ಟೇ ಮಾಡಿದವು ಒಂದು ಕಡೆ. ಮಾತಾಡುವ ಆಟಗಳು ಇನ್ನೊಂದು ಕಡೆ. ಹೊರದೇಶದ ಗೋಡೆಯಲ್ಲಿ ಎರಡನೆಯ ಬಗೆಯವು ನಾವೆಣಿಸಿದ್ದಕ್ಕಿಂತ ಜಾಸ್ತಿ ಸಿಕ್ಕವು. ಮೂಕ ಆಟಗಳನ್ನು ಅವನೇ ನವಾತೆಯನ್ನು ಕರೆಸಿ, ಒಳ್ಳೆಯ ಮನೆ ನೋಡಿ ಕೊಡು ಎಂದು ಒಪ್ಪಿಸಿದ. ಕೊಡುವಾಗ ಒಂದೆರಡು ಪೆಟ್ಟಿಗೆಗಳ ಮೇಲೆ ಅವನ ಕೈ ತುಸು ಹೆಚ್ಚು ಹೊತ್ತು ನಿಂತಿತು. ಖಾಲಿಯಾದ ಜಾಗಕ್ಕೆ ಬ್ರೆಜಿಲ್ಲಿನಿಂದ, ಕೊರಿಯಾದಿಂದ ಹೊಸ ಪೆಟ್ಟಿಗೆಗಳು ಬರತೊಡಗಿದವು. ಚಿಕ್ಕಮ್ಮನಿಗೆ ನಾನು ಫೋನ್ ಮಾಡಿ, ಈಗ ಅವನಿಗೆ ಮೊದಲಿನಷ್ಟು ಜಾಗವೂ ಸಾಲುತ್ತಿಲ್ಲ ಎಂದೆ.

ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಯಸುಕಾವಾ ಎಂಬ ಹೆಂಗಸು ಬಿಳಿಕೋಲು ಹಿಡಿದು ಅಂಗಡಿಗೆ ಬಂದರು. ಸಾಕಾಯಿ ಊರಿನಲ್ಲಿ ಸೂಜಿ ಚಿಕಿತ್ಸೆ ಕೊಡುವವರು, ಹುಟ್ಟಿನಿಂದಲೇ ಕಣ್ಣಿಲ್ಲ. ನವಾತೆಯ ಸೊಂಟಕ್ಕೆ ಸೂಜಿ ಚುಚ್ಚುವಾಗ ಅವನು ಈ ಕಥೆಯನ್ನೆಲ್ಲ ಹೇಳಿದ್ದನಂತೆ. ಬಿಸಿ ಕೋಕೋ ಕುಡಿದು, ಆ ಆಟ ಎಲ್ಲಿದೆ, ನನಗೂ ಕಲಿಸಬೇಕು ಎಂದರು. ಅಷ್ಟರಲ್ಲಿ ನವಾತೆ ಯಂತ್ರವನ್ನು ಹಿಂದಿರುಗಿಸಿದ್ದ. ಕಿಯೋಜಿ ದೊಡ್ಡ ಗುರುವಿನ ಗತ್ತಿನಲ್ಲಿ ಅವರನ್ನು ಮೆಟ್ಟಿಲು ಹತ್ತಿಸಿ, ಗುಂಡಿಗಳನ್ನು ತೋರಿಸಿ, ಮೊದಲು ಭಯಪಡಬೇಡಿ, ಎಲ್ಲರೂ ಹೊಳೆಗೆ ಬೀಳುತ್ತಾರೆ ಎಂದು ಧೈರ್ಯ ಹೇಳಿದ.

ಅವರು ಒಮ್ಮೆ ಹೊಳೆಗೆ ಬಿದ್ದರು. ಎರಡನೆಯ ಸಲ ಬೀಳಲಿಲ್ಲ. ಕತ್ತಲು ಕವಿಯುವ ಮುಂಚೆ ನನ್ನ ತಮ್ಮನನ್ನು ಸೇತುವೆಯ ಎರಡೂ ತುದಿಗಳಲ್ಲಿ ಕಡಿದುಹಾಕಿದ್ದರು.

"ನೀವು ಕೇಳೋದನ್ನ ಕಲಿತಿದ್ದು ಈಚೆಗಲ್ವಾ," ಅಂದರು ಕೋಟು ಹಾಕಿಕೊಳ್ಳುತ್ತ. "ಇನ್ನೂ ಅವಸರ ಇದೆ ನಿಮಗೆ. ಮುಂದಿನ ಬುಧವಾರ ಬರ್ತೀನಿ, ಅಭ್ಯಾಸ ಮಾಡಿಟ್ಟಿರಿ."

ಅವರನ್ನು ಬಾಗಿಲವರೆಗೆ ಕಳಿಸಿ ನಾನು ಮೇಲೆ ಹೋದೆ. ಕಿಯೋಜಿ ಕೆಂಡದಂತೆ ಕುಳಿತಿದ್ದ, ಕೆನ್ನೆಗೆ ಬಣ್ಣ ಏರಿತ್ತು. ಇಪ್ಪತ್ತರ ಹುಡುಗನಾಗಿ ಗೇಮ್ ಸೆಂಟರಿನಲ್ಲಿ ಸೋತು ಮನೆಗೆ ಬರುತ್ತಿದ್ದಾಗಲೂ ಅವನ ಮುಖ ಹೀಗೇ ಇರುತ್ತಿತ್ತು.

"ಅಕ್ಕ, ಕೂತ್ಕೋ," ಅಂದ. "ಅಂಗಡಿ ಸ್ವಲ್ಪ ತಡವಾಗಿ ತೆಗಿ ಇವತ್ತು ಸಂಜೆ."