ಬಾಗಿಲಿಗೆ ಹುಯ್ದ ನೀರು

ತಾಳವಾಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಾಗಮಣಿಯ ಮನೆ. ಮನೆಯ ಮುಂದಿನ ಕೋಣೆಯೇ ಅವಳ ಫ್ಲೆಕ್ಸ್ ಅಂಗಡಿ. ಹತ್ತಡಿ ಅಗಲದ ಪ್ರಿಂಟರ್ ಅಲ್ಲಿ ಗೋಡೆಯಿಂದ ಗೋಡೆಗೆ ಕೂತಿತ್ತು. ಅದು ಬರುವ ಮುಂಚೆ ಅವಳು ಕಂಡವರ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಅತ್ತೆ ದೊಡ್ಡಮಾದಮ್ಮನ ಆಯಸ್ಸೂ ಅದರಲ್ಲೇ ಸವೆದಿತ್ತು.

ಮೂರು ವರ್ಷ ತಕರಾರಿಲ್ಲದೆ ಓಡಿದ ಯಂತ್ರಕ್ಕೆ ಈ ಸಂಕ್ರಾಂತಿ ಕಳೆದ ಮೇಲೆ ಅದೇನು ಗ್ರಹಚಾರ ಬಡಿಯಿತೋ! ಶಾಯಿ ಚಿಮ್ಮುವ ಹೆಡ್ಡಿನ ಸರ್ಕ್ಯೂಟ್ ಕಾರ್ಡು ಎರಡು ತಿಂಗಳಲ್ಲಿ ಎರಡು ಸಲ ಸುಟ್ಟಿತು. ಎರಡನೆಯ ಸಲ ಪಣಕಹಳ್ಳಿಯ ಮದುಮಗನೊಬ್ಬನ ಮುಖ ಮೂಗಿನವರೆಗೆ ಅಚ್ಚಾಗಿ ಅಲ್ಲಿಗೇ ನಿಂತಿತು. ರಿಪೇರಿಯ ಮೋಹನ್ ಚಾಮರಾಜನಗರದಿಂದ ಮತ್ತೆ ಬಸ್ಸಿಳಿದು ಬಂದಾಗ ಅವನ ಚೀಲದಲ್ಲಿದ್ದದ್ದು ಒಂದೇ ಕಾರ್ಡು.

“ಅಕ್ಕ, ಈ ಮಾಡಲ್ ಮಿಷಿನ್‌ಗ ಇನ್ನು ಕಾರ್ಡು ಸಿಕ್ಕಕಿಲ್ಲ. ಇದೇ ಕಡೇದು. ಇದೂ ಸುಟ್ಟೋದ್ರ ಮಿಷಿನ್ನ ಗುಜರಿಗ ಆಕದೇಯ.”

ನಾಗಮಣಿಗೆ ಗುಜರಿ ಎಂದರೆ ಮತ್ತೆ ಕಳೆ, ಮತ್ತೆ ಕೂಲಿ.

“ಅಂಗಾದ್ರ ಈಗ್ಲೇ ಆಕ್ಬೇಡ ಕಣ್ ತಮ್ಮ. ಯಾಕ ಸುಡ್ತದ ಅಂತ ಮೊದ್ಲು ನೋಡು,” ಎಂದಳು.

ಮೋಹನ್ ವೈರುಗಳನ್ನೆಲ್ಲ ಜಾಲಾಡಿದ. ಕರೆಂಟು ಸರಿಯಾಗಿತ್ತು, ಇಲಿ ಕಡಿದ ಗುರುತೂ ಇರಲಿಲ್ಲ. ಅಡ್ಡ ಬಂದ ಫ್ಲೆಕ್ಸನ್ನು ನಾಗಮಣಿ ಸರಿಸಲು ಹೋದಳು. ಚಟ್ ಎಂದು ಬೆರಳಿಗೆ ಹೊಡೆಯಿತು.

“ಇದೊಂದು ಎಲ್ಡು ತಿಂಗ್ಳಿಂದ ಇಂಗೇ ಕಚ್ತದ ಕಣಪ್ಪ.”

“ಮೊದ್ಲೇ ಯಾಕ ಯೋಳ್ನಿಲ್ಲ?”

“ನೀ ಎಲ್ಲಿ ಕೇಳ್ದೆ?”

ಮೋಹನ್ ಹಣೆ ಚಚ್ಚಿಕೊಂಡ. ಫ್ಲೆಕ್ಸ್ ಉಜ್ಜಿ ಉಜ್ಜಿ ಹುಟ್ಟುವ ಕರೆಂಟು ಅರ್ತಿಂಗ್ ವೈರಿನಲ್ಲಿ ಮಣ್ಣಿಗೆ ಇಳಿಯಬೇಕು, ಇಳಿಯದಿದ್ದರೆ ಕಾರ್ಡನ್ನೇ ಸುಡುತ್ತದೆ ಎಂದ. ಅರ್ತಿಂಗಿನ ಕಂಬಿ ಹೊಸ್ತಿಲ ಹೊರಗೆ, ಬಾಗಿಲ ಪಕ್ಕ ಹೂತಿತ್ತು. ಹಾರೆ ಹಾಕಿ ಎರಡು ಗೇಣು ತೋಡಿದರು. ಮಣ್ಣು ಹಿಟ್ಟಿನಂತೆ ಒಣಗಿತ್ತು.

“ಮಣ್ಣಲ್ಲಿ ಪಸೇನೇ ಇಲ್ವಲ್ಲಕ್ಕ! ಒಣ ಮಣ್ಗ ಕರೆಂಟು ಇಳಿಯಕಿಲ್ಲ.”

ಜಗುಲಿಯಲ್ಲಿ ಬೆನ್ನು ತಿರುಗಿಸಿ ಹುರುಳಿ ಕೇರುತ್ತಿದ್ದ ದೊಡ್ಡಮಾದಮ್ಮ ಮೊರ ಕೆಳಗಿಟ್ಟಳು.

“ಅಲ್ಲೇ ಕಣಪ್ಪ ನಾನು ದಿನಾ ಬೆಳುಗ್ಗ ಸಗಣಿ ನೀರ ಉಯ್ತಿದ್ದದ್ದು. ಇವ್ಳು ಬ್ಯಾಡ ಅಂದ ಮ್ಯಾಲ ಬಕೀಟ್ನೇ ಮುಟ್ಟಿಲ್ಲ.”

ನಾಗಮಣಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸಂಕ್ರಾಂತಿಯ ಮಾರನೆಯ ದಿನ ನಾಲ್ಕು ಹನಿ ಹೊಸ್ತಿಲೊಳಗೆ ಸಿಡಿದದ್ದಕ್ಕೆ, ಕರೆಂಟಿನ ಮಿಷಿನ್ ಹತ್ತಿರ ನೀರು ಚೆಲ್ಲುತ್ತೀಯಾ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದಳು. ತಾನೇ ದೊಡ್ಡ ಇಂಜಿನಿಯರ್ ಎಂದು ಆಗ ಅನ್ನಿಸಿರಬೇಕು ಈ ಮಹಾತಾಯಿಗೆ! ಮೊದಲ ಕಾರ್ಡು ಸುಟ್ಟಾಗ ಅದನ್ನೂ ಮುದುಕಿಯ ತಲೆಗೇ ಕಟ್ಟಿದ್ದಳು. ಅಂದಿನಿಂದ ದೊಡ್ಡಮಾದಮ್ಮ ಹಿತ್ತಲ ಬಾಗಿಲಲ್ಲೇ ಓಡಾಡುತ್ತಿದ್ದಳು, ಅಂಗಡಿಯೊಳಗೆ ಕಾಲಿಟ್ಟಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

“ತಪ್ಪಾಯ್ತು ಕಣತ್ತಮ್ಮ,” ಎಂದು ನಾಗಮಣಿ ಬಕೆಟ್ಟು ತುಂಬಿ ತಂದಳು. “ನೀನೇ ಉಯ್ಯಿ.”

ಮುದುಕಿ ಬಕೆಟ್ಟು ಎತ್ತಿ ಕಂಬಿಯ ಬುಡಕ್ಕೆ ಹುಯ್ದಳು. ನಾಲ್ಕು ಬಕೆಟ್ಟು ನೀರು ಕುಡಿದ ಮೇಲೆ ಮಣ್ಣಿನ ದಾಹ ತೀರಿತು. ಮೋಹನ್ ಮೀಟರ್ ಹಿಡಿದು ತಲೆಯಾಡಿಸಿ, ಕಡೆಯ ಕಾರ್ಡು ಹಾಕಿದ. ಮದುಮಗನಿಗೆ ಮೂಗು ಬಂತು, ಮೀಸೆ ಬಂತು, ಪಕ್ಕದಲ್ಲಿ ಹೆಣ್ಣೂ ಬಂದಳು, ಇಬ್ಬರ ಪಾದಗಳೂ ಬಂದವು. ನಾಗಮಣಿ ಫ್ಲೆಕ್ಸನ್ನು ಮುಟ್ಟಿದಳು. ಚಟ್ ಎನ್ನಲಿಲ್ಲ.

“ಅಜ್ಜಿ, ದಿನಾ ಒಂದು ಬಕೀಟು ನೀರ ಉಯ್ಯಿ. ಸಗಣಿ ಬ್ಯಾಡ, ಬರೀ ನೀರೇ ಸಾಕು,” ಎಂದ ಮೋಹನ್.

“ಬರೀ ನೀರ? ಅದೇನು ಎಮ್ಮಗ ಕುಡ್ಸದಾ? ಬಾಕ್ಲು ಕಣಪ್ಪ ಅದು!”

ಮಾರನೆಯ ಬೆಳಿಗ್ಗೆ ನಾಗಮಣಿಯೇ ಪಕ್ಕದ ಕೊಟ್ಟಿಗೆಯಿಂದ ಸಗಣಿ ತಂದು ಬಕೆಟ್ಟಿನ ಪಕ್ಕ ಇಟ್ಟಳು. ದೊಡ್ಡಮಾದಮ್ಮ ಕಲಸಿ, ಬಾಗಿಲಿಗೆ ಹುಯ್ದು, ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹೊಸ್ತಿಲು ದಾಟಿ ಅಂಗಡಿಯೊಳಕ್ಕೆ ಬಂದು, ತೂಗುತ್ತಿದ್ದ ಫ್ಲೆಕ್ಸನ್ನು ಬೆರಳಿಂದ ಮುಟ್ಟಿ ನೋಡಿದಳು.

“ಇನ್ನು ಕಚ್ಚಕಿಲ್ಲ ಬುಡು,” ಎಂದಳು.