ಒಂದೂವರೆ ಎಂಎಂ ವೈರು

ಪೀಣ್ಯದ ವೈರು ಕಾರ್ಖಾನೆಯೊಂದರಲ್ಲಿ ಶಶಿಕುಮಾರನ ಕೆಲಸ ವೈರಿನ ಮೈಮೇಲೆ ಅಕ್ಷರ ಒತ್ತುವುದು. ‘ಒಂದೂವರೆ ಎಂಎಂ, ಅಪ್ಪಟ ತಾಮ್ರ’ ಎಂದು ಅವನ ಯಂತ್ರ ಅಚ್ಚುಕಟ್ಟಾಗಿ ಒತ್ತುತ್ತಿತ್ತು. ಒಳಗಿದ್ದದ್ದು ಅದರ ಅರ್ಧ ದಪ್ಪ, ಅದೂ ತಾಮ್ರದ ಲೇಪ ಬಳಿದ ಅಲ್ಯೂಮಿನಿಯಂ. ಒಂಬತ್ತು ವರ್ಷದಿಂದ ಸುಳ್ಳನ್ನು ಮೈಲಿಗಟ್ಟಲೆ ಬರೆದ ಮಹಾನುಭಾವ! ಆಯುಧಪೂಜೆಗೆ ಮಾಲೀಕರು ಎಲ್ಲರಿಗೂ ಸ್ವೀಟ್ ಬಾಕ್ಸಿನ ಜೊತೆ ಒಂದು ಸುತ್ತು ವೈರು ಕೊಡುವುದು ಅಲ್ಲಿನ ರೂಢಿ. ಶಶಿಕುಮಾರ ಸ್ವೀಟನ್ನು ಹೆಂಡತಿಯ ಕೈಗಿಟ್ಟು ವೈರನ್ನು ಸಜ್ಜದ ಮೇಲೆ ಎಸೆಯುತ್ತಿದ್ದ.

ಹೆಂಡತಿ ಶ್ಯಾಮಲಾ ಮನೆಯಿಂದಲೇ ಕಂಪ್ಯೂಟರ್ ಕೆಲಸ ಶುರು ಮಾಡಿದಾಗ ಮೇಜಿನ ಹತ್ತಿರ ಪ್ಲಗ್ ಇರಲಿಲ್ಲ. ಅವನು ಅಂಗಡಿಗೆ ಹೋಗಿ, ವೈರಿನ ತುದಿ ಸುಲಿಸಿ, ಎಳೆಗಳನ್ನು ಬ್ಲೇಡಿನಲ್ಲಿ ಕೆರೆದು ಒಳಗೂ ಕೆಂಪೇ ಎಂದು ಖಾತ್ರಿ ಮಾಡಿಕೊಂಡ. ಅರ್ತ್ ಸೇರಿ ಮೂರು ತಂತಿಯಿರುವ ತ್ರೀ ಕೋರ್ ವೈರನ್ನೇ ತಂದು ಎಕ್ಸ್‌ಟೆನ್ಷನ್ ಬೋರ್ಡ್ ಮಾಡಿಕೊಟ್ಟ.

"ಮನೇಲೇ ಸುತ್ತುಗಟ್ಲೆ ಬಿದ್ದಿದ್ಯಲ್ರೀ, ಹೊಸದು ಯಾಕೆ ತಂದ್ರಿ?" ಎಂದಳು ಶ್ಯಾಮಲಾ.

"ಅದು ಬೇರೆ ಕೆಲ್ಸಕ್ಕೆ ಕಣೇ" ಎಂದು ಮಾತು ತೇಲಿಸಿದ. ಗಂಡನ ಕೆಲಸವನ್ನು ಬೀದಿಗೆಲ್ಲ ಹೊಗಳುವವಳ ಮುಂದೆ ನಿಜ ಹೇಳಲು ಅವನಿಗೆ ನಾಚಿಕೆಯಾಯಿತು.

ಅವಳೋ, ಸಜ್ಜದಿಂದ ಒಂದು ಸುತ್ತು ಇಳಿಸಿ ಕೆಳಗಿನ ಮನೆಯ ಗೌರಿಗೆ ಕೊಟ್ಟಳು. ಗೌರಿ ಮನೆ ಓನರ್ ರಾಮಕ್ಕನ ಸೊಸೆ. ಅವಳದೂ ಮನೆಯಿಂದಲೇ ಕೆಲಸ; ಆ ವೈರಿನಲ್ಲೇ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಮಾಡಿಸಿಕೊಂಡಳು. ಸಂಜೆ ರಾಮಕ್ಕ ಅವನನ್ನು ಗೇಟಿನಲ್ಲೇ ತಡೆದಳು.

"ನಿನ್ ಕೈಯಾರೆ ಮಾಡಿರೋ ವೈರಂತಲ್ಲಪ್ಪಾ! ನನ್ ಮಂಚದ ಪಕ್ಕಾನೇ ಮೇಜು ಆಕ್ಕೊಂಡವ್ಳೆ ಸೊಸೆ. ಕಾಲಿಗೆ ಸಿಗದಂಗೆ ವೈರ್‌ನ ನನ್ ಆಸ್ಗೆ ಕೆಳ್ಗೇ ಎಳ್ದವ್ಳೆ."

ಆ ವೈರು ಕಾದರೆ ಏನಾಗುತ್ತದೆಂದು ಶಶಿಕುಮಾರನಿಗೆ ಗೊತ್ತಿತ್ತು. ಈಗಲೇ ಕಿತ್ತುಹಾಕಿ ಎನ್ನಬೇಕಿತ್ತು. ಎಂದರೆ ಯಾಕೆ ಎಂದು ಕೇಳುತ್ತಾಳೆ. ಉತ್ತರ ಕೊಟ್ಟರೆ ಇಡೀ ಲಗ್ಗೆರೆ ಬಡಾವಣೆಗೆ ಗೊತ್ತಾಗಿ ಕೆಲಸ ಹೋಗುತ್ತದೆ. ಭಾನುವಾರ ಏನಾದರೂ ನೆಪ ಹೇಳಿ ಬದಲಾಯಿಸಿದರಾಯಿತು ಎಂದುಕೊಂಡ. ಅಂಜುಬುರುಕರಿಗೆ ಭಾನುವಾರ ಯಾವಾಗಲೂ ದೂರ. ತಲೆಯಾಡಿಸಿ, ಮೆಟ್ಟಿಲು ಹತ್ತಿ ಮನೆ ಸೇರಿದ.

ಶುಕ್ರವಾರ ಮಧ್ಯಾಹ್ನ ರಾಮಕ್ಕ ಮಲಗಿದ್ದಾಗ ಗೌರಿ ಇಸ್ತ್ರಿ ಪೆಟ್ಟಿಗೆಯನ್ನು ಆ ಬೋರ್ಡಿಗೆ ಸಿಕ್ಕಿಸಿ, ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದಳು. ಹಾಸಿಗೆಯಡಿಯ ವೈರು ಕಾದು ಹೊತ್ತಿಕೊಂಡಿತು. ಓಡಿ ಬಂದು ಅತ್ತೆಯನ್ನು ಬೆಂಕಿಯಿಂದ ಎಳೆದವಳ ಎರಡೂ ಕೈ ಸುಟ್ಟವು. ರಾಮಕ್ಕ ಆಸ್ಪತ್ರೆಯಲ್ಲಿ ಎರಡು ದಿನ ನರಳಿ ತೀರಿಕೊಂಡಳು.

ಹನ್ನೊಂದನೇ ದಿನದ ಕಾರ್ಯಕ್ಕೆ ನೆಂಟರೆಲ್ಲ ಸೇರಿದ್ದರು. ಇಸ್ತ್ರಿ ಹಾಕಿಟ್ಟು ಹೋದದ್ದೇ ತಪ್ಪು ಎಂದರು ಒಬ್ಬರು; ಬೇಕೆಂದೇ ಹೋದಳೋ ಏನೋ ಎಂದರು ಇನ್ನೊಬ್ಬರು. ಎರಡೂ ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡ ಗೌರಿ ಗೋಡೆಗೊರಗಿ ಕೂತಿದ್ದಳು. ಅವಳ ಗಂಡ ಅಂಬರೀಶ ಶಶಿಕುಮಾರನನ್ನು ಎಲ್ಲರ ಮುಂದೆ ಕರೆದು ಕೇಳಿದ:

"ನೀನು ಇದೇ ಲೈನಲ್ಲಿರೋನು, ನೀನೇ ಹೇಳಪ್ಪ. ಒಂದೂವರೆ ಎಂಎಂ ವೈರು ಒಂದು ಇಸ್ತ್ರಿ ಪೆಟ್ಟಿಗೆ ತಡೀತದಾ, ಇಲ್ವಾ?"

ತಡೆಯುತ್ತದೆ. ನಿಜವಾದದ್ದಾದರೆ ಸಲೀಸಾಗಿ ತಡೆಯುತ್ತದೆ. ಗೌರಿ ತಲೆಯೆತ್ತಿ ಆಸೆಯಿಂದ ಅವನ ಮುಖವನ್ನೇ ನೋಡಿದಳು.

"ತಡ್ಯಲ್ಲ ಅಂಬರೀಶಣ್ಣ" ಎಂದ ಶಶಿಕುಮಾರ. "ಅಷ್ಟೊಂದು ಲೋಡು ಹಾಕ್ಬಾರ್ದಿತ್ತು."

ನೆಂಟರೆಲ್ಲ ಗೌರಿಯ ಕಡೆ ತಿರುಗಿದರು. ಅವಳು ಬ್ಯಾಂಡೇಜು ಸುತ್ತಿದ ಕೈಗಳನ್ನು ಜೋಡಿಸಲಾಗದೆ ಜೋಡಿಸಿ, "ನಂಗೆ ಗೊತ್ತಿರ್ಲಿಲ್ಲ, ನಂಗೆ ಗೊತ್ತಿರ್ಲಿಲ್ಲ" ಎಂದು ಅಳತೊಡಗಿದಳು.